ಹೆಡ್‌ಮಾಸ್ತರ ಕುರ್ಚಿ ಹಿಡಿದ ಹುಳ

ಚಿಟ್ಟೆಯ ಪಾಠವೆಂದರೆ ಬೇರೆಯವರಿಗೆ ಗೋಡೆಯ ಮೇಲೊಂದು ಚಿತ್ರ, ನಡುವೆ ನಾಲ್ಕು ಬಾಣದ ಗುರುತು, ಅಷ್ಟೇ. ನನಗೆ ಮಾತ್ರ ಅದು ಯಾವತ್ತೂ ಸುಸೂತ್ರವಾಗಿ ಮುಗಿದದ್ದಿಲ್ಲ. ಸಣ್ಣ ಮಕ್ಕಳ ಟೀಚರಾಗಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆ ಕೆಲಸ ಮಾಡಿದ್ದೇನೆ. ಕತೆ ಹೇಳಿ, ಕಾಗದ ಕತ್ತರಿಸಿ, ಅಂಟು ಮೆತ್ತಿ ಪಾಠ ಮಾಡುವುದು ನನ್ನ ಚಾಳಿ. ಹುಳ ಕೋಶ ಕಟ್ಟಿಕೊಂಡು, ಆ ಕೋಶ ಒಡೆದು ಚಿಟ್ಟೆ ಹೊರಗೆ ಬರುವುದನ್ನು ಒಮ್ಮೆಯಾದರೂ ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬುದು ನನ್ನ ಆಸೆ. ಅದಕ್ಕೆ ಅಡ್ಡ ಬಂದವರು ಒಬ್ಬರೇ ಇಬ್ಬರೇ!

ಕಂಟೋನ್ಮೆಂಟಿನ ಗುಬ್ಬಿ

ಮೊದಲು ಬಳ್ಳಾರಿ ಕಂಟೋನ್ಮೆಂಟಿನ ಒಂದು ಖಾಸಗಿ ಶಾಲೆಯಲ್ಲಿದ್ದೆ. ತರಗತಿಗೆ ನಿಜವಾದ ಹುಳ ತಂದರೆ ಮೇಲಿನವರು ಬೈಯುತ್ತಾರೆಂದು ರಟ್ಟಿನ ತಟ್ಟೆಯ ಮೇಲೆಯೇ ಎಲ್ಲ ಮಾಡಿಸಿದೆ. ಮೊಟ್ಟೆಗೆ ಸಬ್ಬಕ್ಕಿ, ಹುಳಕ್ಕೆ ಸಾಲಾಗಿ ಹುರಿದ ಬಟಾಣಿ, ಕೋಶಕ್ಕೆ ಸಿಪ್ಪೆ ಸಮೇತ ಶೇಂಗಾ, ಚಿಟ್ಟೆಗೆ ಬಣ್ಣದ ಕಾಗದ. ತಂದೆತಾಯಿಗಳು ನೋಡಲು ಬರುವ ಹೊತ್ತಿಗೆ ಒಬ್ಬ ಹುಡುಗನ ತಟ್ಟೆಯಲ್ಲಿ ಬಟಾಣಿಯೂ ಇಲ್ಲ, ಶೇಂಗಾವೂ ಇಲ್ಲ.

"ಹುಳ ಎಲ್ಲಪ್ಪಾ?" ಎಂದೆ.

"ಗುಬ್ಬಿ ತಿಂತ್ರಿ ಮಿಸ್. ಗುಬ್ಬಿ ಹುಳ ತಿಂತೈತಿ ಅಂತ ನೀವೇ ಕತಿ ಹೇಳಿದ್ರಲ್ಲ!"

"ಗುಬ್ಬಿ ಎಲ್ಲೈತಿ?"

"ನಾನೇ ರೀ," ಎಂದು ತುಟಿ ಒರೆಸಿಕೊಂಡ. ಪುಣ್ಯಕ್ಕೆ ಅಂಟು ನಾನೇ ಮನೆಯಲ್ಲಿ ಕುದಿಸಿ ತಂದ ಮೈದಾದ್ದು. ಅಷ್ಟರ ಮಟ್ಟಿಗೆ ಬದುಕಿದೆ.

ಅಷ್ಟರಲ್ಲಿ ಅವನ ಅಪ್ಪ ಬಂದರು, ಬಟ್ಟೆ ಅಂಗಡಿಯವರು. ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೊಟ್ಟಿ ಅದಾವು, ಪಾತರಗಿತ್ತಿ ಐತಿ. ನಡುವಿನವು ಎಲ್ಲಿ ಹೋದ್ವು ಮಿಸ್?"

"ಇವನ ಹೊಟ್ಟಿಯೊಳಗ ಅದಾವ್ರಿ," ಎಂದೆ ಅಂಜುತ್ತಾ.

ಅವರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ಆತು ಬಿಡ್ರಿ, ಮನ್ಯಾಗ ಕಣ್ಣಿಟ್ಟಿರತೀವಿ. ರೆಕ್ಕಿ ಬಂದ್ರ ನಿಮಗ ಫೋನ್ ಮಾಡತೀನಿ."

ಸಿರುಗುಪ್ಪದ ಅಜ್ಜ

ಸರ್ಕಾರಿ ನೌಕರಿ ಸಿಕ್ಕಿ ಸಿರುಗುಪ್ಪಕ್ಕೆ ಹೋದ ಮೇಲೆ ಧೈರ್ಯ ಬಂತು. ಕರಿಬೇವಿನ ಗಿಡದ ಮೇಲಿದ್ದ ಹುಳವೊಂದನ್ನು ಡಬ್ಬಿಯಲ್ಲಿಟ್ಟು ಕಿಟಕಿಯ ಹತ್ತಿರ ಇಟ್ಟೆ. ದಿನವೂ ಎಲೆ ಹಾಕುವುದು, ಅದರದ್ದೇ ಕತೆ ಹೇಳುವುದು. ಒಂದು ಬೆಳಿಗ್ಗೆ ಒಬ್ಬ ಹುಡುಗನ ಅಜ್ಜ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತರು.

"ನಮ್ಮ ಹುಡುಗ ಹೇಳಿದ್ನವ್ವ, ಸಾಲ್ಯಾಗ ಹುಳ ಬಿದ್ದೈತಿ, ಎಲಿ ಎಲ್ಲಾ ತಿನ್ನಾಕತ್ತೈತಿ, ಮೇಡಂ ಭಾಳ ಚಿಂತಿ ಮಾಡಾಕತ್ತಾರ ಅಂತ. ಎಲ್ಲೈತಿ ತೋರಿಸ್ರಿ!"

ಡಬ್ಬಿಗೆ ಅಡ್ಡ ನಿಂತು, ಇದು ಬೇಕೆಂದೇ ಸಾಕಿದ ಹುಳ ಎಂದು ವಿವರಿಸಿದೆ. ಅಜ್ಜ ಪಂಪು ಇಳಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹುಟ್ಟಿದಾಗಿನಿಂದ ಹುಳ ಕೊಂದವರಿಗೆ ಹುಳ ಸಾಕುವವಳು ಎದುರಾಗಿದ್ದಳು. ಪಂಪು ಇಳಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ.

ಮರುದಿನ ಅಜ್ಜ ಮತ್ತೆ ಬಂದರು. ಈ ಸಲ ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಮೆಣಸಿನಕಾಯಿ ಹೊಲದ ಹುಳ. "ನಿಮಗ ಹುಳ ಬೇಕಂದ್ರ ಮೊದಲ ಹೇಳಬಾರದೇನವ್ವ? ತಗೋರಿ, ಸಾಕ್ರಿ. ಎಲಿ ಮಾತ್ರ ನೀವ ತರ್ರಿ, ನಮ್ಮ ಹೊಲದಾಗಿನವು ಖಾಲಿಯಾಗ್ಯಾವು."

ಕುರುಗೋಡಿನ ಕುರ್ಚಿ

ಆ ಕರಿಬೇವಿನ ಹುಳ ಕೋಶವನ್ನೇನೋ ಕಟ್ಟಿತು. ಆದರೆ ಭಾನುವಾರ, ಶಾಲೆಗೆ ಬೀಗ ಬಿದ್ದಿದ್ದಾಗ, ಯಾರಿಗೂ ಹೇಳದೆ ಕೇಳದೆ ಹಾರಿಹೋಯಿತು. ಸೋಮವಾರ ನಮಗೆ ಸಿಕ್ಕಿದ್ದು ಒಣ ಸಿಪ್ಪೆ. ಆಮೇಲೆ ಕುರುಗೋಡಿಗೆ ವರ್ಗವಾಯಿತು. ಅಲ್ಲಿಯೂ ಅದೇ ಕತೆ ಹೇಳುತ್ತಿದ್ದಾಗ ಮುಂದೆ ಕುಳಿತ ಹುಡುಗಿಯೊಬ್ಬಳು ಎದ್ದು ನಿಂತಳು.

"ಹುಳ ಪಾತರಗಿತ್ತಿ ಆಗೋದು ನೀವು ನೋಡೀರೇನ್ರಿ?"

"ಇಲ್ಲವ್ವ."

"ಮತ್ತ ಖರೇ ಅಂತ ಹೆಂಗ ಹೇಳತೀರಿ?"

ಇಡೀ ತರಗತಿ ನನ್ನನ್ನೇ ನೋಡಿತು. ಅವತ್ತೇ ಕಾಂಪೌಂಡಿನ ಪಕ್ಕದ ಎಕ್ಕದ ಗಿಡದಿಂದ ಪಟ್ಟೆಪಟ್ಟೆಯ ಹುಳವೊಂದನ್ನು ತಂದು ಬೂಟಿನ ಡಬ್ಬಿಯಲ್ಲಿಟ್ಟು, ಅದನ್ನು ನೋಡಿಕೊಳ್ಳಲು ಆ ಹುಡುಗಿಗೇ ಕೊಟ್ಟೆ. ಕೆಲವು ದಿನಕ್ಕೆ ಹುಳ ಮಾಯ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಬೆಂಚಿನಡಿ, ಚೀಲದೊಳಗೆ, ಎಲ್ಲ ಹುಡುಕಿದೆವು. ಕೊನೆಗೆ ಪಕ್ಕದ ಕೋಣೆಯಿಂದ ಅವಳದೇ ಕೂಗು ಕೇಳಿತು: "ಸಾರ್, ಕುಂದ್ರಬ್ಯಾಡ್ರಿ!"

ಹೆಡ್‌ಮಾಸ್ತರು ಅರ್ಧ ಕುಳಿತವರು ಹಾಗೇ ನಿಂತರು. ಅವರ ಕುರ್ಚಿಯ ಕೈಯ ಕೆಳಗೆ ಹಸಿರು ಕೋಶ ಜೋತಾಡುತ್ತಿತ್ತು.

"ಕಿತ್ತು ಬ್ಯಾರೆ ಕಡೆ ಇಡ್ರಿ," ಎಂದರು.

"ಕಿತ್ರ ಬದುಕತೈತೋ ಇಲ್ಲೋ ಗೊತ್ತಿಲ್ರಿ ಸಾರ್," ಎಂದೆ ನಾನು.

ಅವರು ಆ ಹುಡುಗಿಯ ಒದ್ದೆ ಕಣ್ಣು ನೋಡಿದರು, ಕುರ್ಚಿ ನೋಡಿದರು, "ಇರಲಿ ಬಿಡ್ರಿ," ಎಂದು ಕುರ್ಚಿ ಬಿಟ್ಟುಕೊಟ್ಟರು. ನಮ್ಮ ಹೆಡ್‌ಮಾಸ್ತರು ಬೆಳಿಗ್ಗೆ ಕುಳಿತರೆ ಏಳುತ್ತಿದ್ದದ್ದು ಸಂಜೆ ಊರಿಗೆ ಹೋಗಲು ಮಾತ್ರ. ಸ್ಟೂಲಿನ ಮೇಲೆ ಕೂತರೆ ಸೊಂಟ ಹಿಡಿಯುತ್ತಿತ್ತು. ಹಾಗಾಗಿ ಪಾಪ, ಇಡೀ ಶಾಲೆ ತಿರುಗತೊಡಗಿದರು. ನಮ್ಮ ಹರಟೆ ನಿಂತಿತು. ಹುಡುಗರನ್ನು ಎಲ್ಲೆಂದರಲ್ಲಿ ನಿಲ್ಲಿಸಿ ಮಗ್ಗಿ ಕೇಳಿದರು. ಬಿಸಿಯೂಟದ ಅಡುಗೆಯಮ್ಮನ ಪಕ್ಕ ನಿಂತು ಸಾರಿಗೆ ಉಪ್ಪು ಹೆಚ್ಚು, ಬೇಳೆ ಕಡಿಮೆ ಎಂದರು. ಮಕ್ಕಳು ಹೋಗಿ ಬಂದು ಕೋಶಕ್ಕೆ ಕೈ ಮುಗಿದರು: "ಲಗೂನ ಬಾರಪ್ಪ, ನಮಗ ಮಗ್ಗಿ ಬರಂಗಿಲ್ಲ!"

ಒಂದು ಶುಕ್ರವಾರ ಸಂಜೆ ನೋಡಿದರೆ ಕೋಶ ಕಪ್ಪಾಗಿತ್ತು. "ಸತ್ತೈತ್ರಿ," ಎಂದಳು ಹುಡುಗಿ. ನಾಳೆ ನೋಡೋಣ ಎಂದು ಅವಳನ್ನು ಮನೆಗೆ ಕಳಿಸಿದೆ. ಶನಿವಾರ ಪ್ರಾರ್ಥನೆ ಮುಗಿಯುತ್ತಿದ್ದಂತೆ ಹೆಡ್‌ಮಾಸ್ತರು ತಮ್ಮ ಕೋಣೆಯಿಂದ ಕೂಗಿದರು: "ಬರ್ರಿ, ಎಲ್ಲಾರೂ ಬರ್ರಿ!"

ಕೋಶ ಸೀಳಿತ್ತು. ಅದು ಕಪ್ಪಾಗಿದ್ದು ಸತ್ತದ್ದಕ್ಕಲ್ಲ, ಒಡೆಯಲಿಕ್ಕೆ. ಒದ್ದೆಯಾಗಿ ಮುದುಡಿದ್ದೊಂದು ಹೊರಬಂದು, ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣದ ರೆಕ್ಕೆ ಬಿಡಿಸಿತು. ರೆಕ್ಕೆ ಒಣಗುವವರೆಗೂ ಯಾರೂ ತರಗತಿಗೆ ಹೋಗಲಿಲ್ಲ. ಅದು ಕಿಟಕಿಯಿಂದಾಚೆ ಹಾರಿದಾಗ ನನ್ನ ಕಣ್ಣು ತುಂಬಿತ್ತು. ಹುಡುಗಿ ನನ್ನ ಸೆರಗು ಜಗ್ಗಿ ಹೇಳಿದಳು: "ಮೇಡಂ, ಈಗ ನೀವೂ ನೋಡಿದ್ರಿ. ಇನ್ನ ಯಾರು ಕೇಳಿದ್ರೂ ಖರೇ ಅಂತ ಹೇಳ್ರಿ."

ಹೆಡ್‌ಮಾಸ್ತರು "ಅಮ್ಮಾ" ಎಂದು ಕುರ್ಚಿಯಲ್ಲಿ ಕುಳಿತರು. ಇಡೀ ಶಾಲೆಯೇ ಹಗುರಾಯಿತು. ಎಲ್ಲರಿಗಿಂತ ಹೆಚ್ಚು ನೆಮ್ಮದಿ ಅಡುಗೆಯಮ್ಮನದೇ ಇರಬೇಕೆಂದುಕೊಂಡೆ. ಆದರೆ ಮಧ್ಯಾಹ್ನ ಆಕೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

"ಮೇಡಂ, ಅಂಥಾದ ಇನ್ನೊಂದು ಹುಳ ಸಿಗತೈತೇನ್ರಿ?"

"ಯಾಕ್ರವ್ವ, ಸಾರ್ ಮತ್ತ ನಿಮ್ಮ ಅಡಿಗಿ ಮನಿಗೆ ಬರಬೇಕೇನು?"

"ಅಯ್ಯೋ, ಅವ್ರಿಗೆ ಬ್ಯಾಡ್ರಿ! ನಮ್ಮ ಮನ್ಯಾಗ ಯಜಮಾನ್ರು ಮಂಚ ಬಿಟ್ಟು ಏಳವಲ್ರು. ಅದರ ಕೆಳಗ ಒಂದು ಬಿಟ್ಟು ನೋಡತೀನಿ."