ಆರು ಸ್ಲೈಡಿನ ಬಾಮೈದ

ಸುಳ್ಳು ಹೇಳುವವನನ್ನು ಹೇಗಾದರೂ ಹಿಡಿಯಬಹುದು. ನಿಜವನ್ನೇ ಅಳೆದು ತೂಗಿ, ಬೇಕಾದಷ್ಟು ಮಾತ್ರ ಹೇಳುವವನನ್ನು ಹಿಡಿಯುವುದು ಕಷ್ಟ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನನ್ನನ್ನು ನೋಡಿಕೊಂಡೇ ಕಲಿತದ್ದು. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಗಂಟೆಗೊಮ್ಮೆ ಮೀಟರುಗಳ ಮುಳ್ಳು ಎಲ್ಲಿದೆ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಮುಳ್ಳು ಎರಡು ಗೆರೆಗಳ ನಡುವೆ ನಿಂತಿದ್ದರೆ ನಡುವೆ ಎಂದೇ ಬರೆಯುತ್ತೇನೆ. ಯಾರನ್ನೂ ಮೆಚ್ಚಿಸಲು ಅದನ್ನು ಆಚೆಗೋ ಈಚೆಗೋ ತಳ್ಳಿದವನಲ್ಲ. ಈ ಗುಣಕ್ಕೆ ಸುತ್ತಿನ ಹಳ್ಳಿಗಳಲ್ಲಿ ನನಗೊಂದು ಹೆಸರಿತ್ತು. ಜಮೀನಿನ ಬದುವಿನ ಜಗಳವಾದರೂ ಸರಿ, ಎಮ್ಮೆಯ ಸುಳಿಯ ತಕರಾರಾದರೂ ಸರಿ, "ನಂಜೇಗೌಡ್ರು ಕಂಡಿದ್ರೆ ಯೋಳ್ಲಿ, ಸಾಕು" ಎನ್ನುತ್ತಿದ್ದರು. ಆ ಹೆಸರು ಹೋದದ್ದು ನನ್ನ ಬಾಮೈದ ಹಾಡುಗಾರನಾದ್ದರಿಂದ. ಅಂದರೆ, ಅವನಿಂದ ಹೋಯಿತು ಎಂದು ನಾನು ಬಹಳ ದಿನ ನಂಬಿದ್ದೆ.

ಹೆಂಡತಿಯ ತಮ್ಮ ಮರಿಸ್ವಾಮಿ ವಾರವೆಲ್ಲ ಮಂಡ್ಯದ ಹತ್ತಿರ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಬ್ಬಿನ ತಾಕುಗಳಿಗೆ ನಂಬರಿನ ಹಲಗೆ ನೆಡುತ್ತಿದ್ದ. ಮದುವೆಯ ಆರತಕ್ಷತೆಗಳಲ್ಲಿ, ಗಣೇಶನ ಚಪ್ಪರಗಳಲ್ಲಿ ವಾದ್ಯಗೋಷ್ಠಿ ಕಟ್ಟಿಕೊಂಡು ಹಾಡುತ್ತಿದ್ದ. ಕಂಠ ಚೆನ್ನಾಗಿಯೇ ಇತ್ತು. ಆದರೆ ಜನ ಹಾಡನ್ನು ಕಿವಿಯಿಂದಲ್ಲ, ಕಣ್ಣಿನಿಂದ ಕೇಳುತ್ತಾರೆ ಎಂಬುದು ಅವನ ಸಿದ್ಧಾಂತ. "ಭಾವ, ದನಿ ಒಂದೇ ಇದ್ರೆ ತೊಂದ್ರೆ ಇಲ್ಲ ಕಣಿ, ವೇಸ ಒಂದೇ ಇರ್ಬಾರ್ದು" ಎನ್ನುತ್ತಿದ್ದ. ಈ ಸಿದ್ಧಾಂತವನ್ನು ಲೋಕಕ್ಕೆ ತಿಳಿಸಲು ಅವನು ಕಂಡುಕೊಂಡ ದಾರಿ ಮಳವಳ್ಳಿಯ ಟೆಂಟು ಸಿನಿಮಾ. ಆಟ ಶುರುವಾಗುವ ಮುಂಚೆ ಬೀಡಿ, ಸೀಗೆಪುಡಿ, ಬಟ್ಟೆ ಅಂಗಡಿಗಳ ಸ್ಲೈಡು ತೋರಿಸುತ್ತಾರಲ್ಲ, ಅವುಗಳ ಜೊತೆಗೆ ಇವನವೂ ಆರು ಸ್ಲೈಡು. ಒಂದು ಕಡೆ ಟೇಪ್ ರೆಕಾರ್ಡರಿನಿಂದ ಇವನ ಸ್ವಂತ ಹಾಡು, ಇನ್ನೊಂದು ಕಡೆ ಪರದೆಯ ಮೇಲೆ ಪಲ್ಲವಿಗೊಂದು, ಚರಣಕ್ಕೊಂದು ಭಂಗಿ. ಹಾಡು ಮುಗಿಯುವುದರೊಳಗೆ ಮರಿಸ್ವಾಮಿ ಕೂತು, ನಿಂತು, ಒರಗಿ, ಚಂದ್ರನನ್ನು ನೋಡಿ, ಕೊನೆಗೆ ಪ್ರೇಕ್ಷಕರಿಗೆ ಕೈಮುಗಿಯುತ್ತಿದ್ದ.

ಈ ಭಂಗಿಗಳೆಲ್ಲ ಮದ್ದೂರಿನ ರಾಚಪ್ಪನ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದವು. ಮೊದಲ ವರ್ಷ ಮರಿಸ್ವಾಮಿ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದ. ತಲೆಯ ಮೇಲೆ ಕೂದಲು ಆಗಷ್ಟೇ ಚುಚ್ಚತೊಡಗಿತ್ತು. ಹಣೆಗೆ ವಿಭೂತಿ, ಮೈಮೇಲೆ ಬಿಳಿ ಪಂಚೆ, ಕೈಯಲ್ಲಿ ಯಾರದೋ ತಂಬೂರಿ. ಭಕ್ತಿಗೀತೆಗೆ ಅದು ಒಪ್ಪಿತು. ಮರುವರ್ಷ ಪ್ರೇಮಗೀತೆ. ಕಿವಿ ಮುಚ್ಚುವ ಕೂದಲು, ದವಡೆಯವರೆಗೆ ಇಳಿಬಿಟ್ಟ ಕೆನ್ನೆಗೂದಲು, ಕಪ್ಪು ಕನ್ನಡಕ, ನೆಲ ಗುಡಿಸುವ ಬೆಲ್‌ಬಾಟಂ ಪ್ಯಾಂಟು. ನಾನು ನಂಬದೆ ಟೇಪು ಹಿಡಿದು ಅಳೆದೆ. ಬಲಗಾಲಿನ ತುದಿ ಇಪ್ಪತ್ತನಾಲ್ಕು ಅಂಗುಲ, ಎಡಗಾಲಿನದು ಇಪ್ಪತ್ತನಾಲ್ಕೂವರೆ. ರಾಚಪ್ಪ ಅವನ ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು ಬಳಿದ. ಹೆತ್ತ ತಾಯಿ, ಎಂದರೆ ನನ್ನ ಅತ್ತೆ, ಟೆಂಟಿನಲ್ಲಿ ಆ ಸ್ಲೈಡು ನೋಡಿ, "ಚಂದಾಗವ್ನೆ, ಯಾರ ಮಗ?" ಎಂದು ಕೇಳಿದರು. ಇದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಇಲ್ಲೊಂದು ಅನಾಹುತವಾಯಿತು. ಮದ್ದೂರಿನಿಂದ ಬರುವಾಗ ಬಸ್ಸಿನ ಕುಲುಕಾಟಕ್ಕೆ ಆರು ಗಾಜಿನ ಸ್ಲೈಡುಗಳಲ್ಲಿ ಎರಡು ಒಡೆದವು. ಟೆಂಟಿನ ಆಪರೇಟರು ಹಾಡಿನ ನಡುವೆ ಪರದೆ ಖಾಲಿ ಬಿಡಬಾರದೆಂದು, ಹಿಂದಿನ ವರ್ಷದ ಎರಡು ವಿಭೂತಿ ಸ್ಲೈಡುಗಳನ್ನು ಮಧ್ಯೆ ಸೇರಿಸಿಬಿಟ್ಟ. ಹಾಗಾಗಿ ಕಪ್ಪು ಕನ್ನಡಕದವನು ಒಂದು ಸಾಲು ಹಾಡಿದರೆ ವಿಭೂತಿಯವನು ಮುಂದಿನ ಸಾಲು ಹಾಡುತ್ತಿದ್ದ. ನೋಡಿದವರಿಗೆ ಇಬ್ಬರು ಹಾಡುವಂತೆಯೇ ಕಾಣುತ್ತಿತ್ತು.

ಅದೇ ಕಾಲಕ್ಕೆ ಮರಿಸ್ವಾಮಿಗೆ ಹೆಣ್ಣು ಹುಡುಕುತ್ತಿದ್ದೆವು. ವಯಸ್ಸು ಇಪ್ಪತ್ತೊಂಬತ್ತು ತುಂಬಿತ್ತು. ಕನ್ನಡಕದ ಸ್ಲೈಡು ನೋಡಿ ಆಗಲೇ ಮೂರು ಸಂಬಂಧಗಳು ಹಿಂದೆ ಸರಿದಿದ್ದವು. ಇನ್ನೊಂದು ತಪ್ಪಿದರೆ ಒಂದು ಹೊತ್ತು ಊಟ ಬಿಡುತ್ತೇನೆಂದು ಅತ್ತೆ ಹೇಳಿದ್ದರು. ಅತ್ತೆ ಇದ್ದದ್ದು ನಮ್ಮ ಮನೆಯಲ್ಲಿ. ನನ್ನ ಹೆಂಡತಿ ಜಾಗ್ರತೆ ವಹಿಸಿ, ವಿಭೂತಿಯ ಫೋಟೋವನ್ನೇ ಮದುವೆಗೆ ಬಂದ ಹೆಣ್ಣಿದ್ದ ಪೂರಿಗಾಲಿಯ ಬೋರೇಗೌಡರಿಗೆ ಕಳಿಸಿದಳು. ಒಂದು ಭಾನುವಾರ ಬೆಳಗ್ಗೆ ಗೌಡರು ನಮ್ಮ ಕ್ವಾರ್ಟರ್ಸಿಗೇ ಬಂದು ಕೂತರು.

"ನಂಜೇಗೌಡ್ರೇ, ನಿಮ್ ಮಾತು ಅಂದ್ರೆ ಕಲ್ಲಲ್ಲಿ ಕೆತ್ತಿದಂಗೆ ಅಂತಾರೆ. ಅದ್ಕೇ ಬಂದೆ. ಈಬೂತಿ ಉಡ್ಗ ನಮ್ಗೆ ಒಪ್ಗೆ. ಆದ್ರೆ ಮಳವಳ್ಳಿ ಟೆಂಟಲ್ಲಿ ಅವನ್ ಜೊತೆ ಇನ್ನೊಬ್ಬ ಆಡ್ತಾನಲ್ಲ, ಕಪ್ಪು ಕನ್ನಡ್ಕದೋನು, ಅವ್ನು ಯಾರು?"

ಅಡುಗೆಮನೆಯ ಬಾಗಿಲ ಸಂದಿನಲ್ಲಿ ಹೆಂಡತಿಯ ಒಂದು ಕಣ್ಣು ಕಂಡಿತು. ಆ ಕಣ್ಣು ಏನು ಹೇಳುತ್ತಿದೆ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ.

"ಆ ಮನೆಯವನೇ ಗೌಡ್ರೇ" ಎಂದೆ.

"ಅಣ್ಣನಾ, ತಮ್ಮನಾ?"

ನಾನು ಒಂದೊಂದೇ ಪದವನ್ನು ತೂಗಿ ಹೇಳಿದೆ: "ವಯಸ್ಸಿನಲ್ಲಿ ವ್ಯತ್ಯಾಸ ಏನೂ ಇಲ್ಲ."

"ಅವ್ಳಿ ಮಕ್ಳಾ!" ಎಂದು ಗೌಡರು ತೊಡೆ ತಟ್ಟಿಕೊಂಡರು. "ನೋಡಿದ್ರೆ ಗೊತ್ತಾಗಾಕಿಲ್ಲ ಬುಡಿ."

ನೋಡಿದರೆ ಗೊತ್ತಾಗುವುದಿಲ್ಲ ಎಂಬುದೂ ನಿಜವೇ ಆದ್ದರಿಂದ ನಾನು ತಲೆಯಾಡಿಸಿದೆ. ಆ ಮಧ್ಯಾಹ್ನ ನನ್ನ ಮುದ್ದೆಗೆ ಎರಡು ಮಿಳ್ಳೆ ತುಪ್ಪ ಬಿತ್ತು. ನಾನು ಆಡಿದ ಎರಡು ವಾಕ್ಯಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಎಲ್ಲಿಯೂ ಸುಳ್ಳು ಸಿಗಲಿಲ್ಲ. ನಿದ್ದೆ ಚೆನ್ನಾಗಿ ಬಂತು.

ಎಂಟು ದಿನಕ್ಕೆ ಬೋರೇಗೌಡರು ಮತ್ತೆ ಬಂದರು, ಈ ಸಲ ಒಂದು ಗೊನೆ ಬಾಳೆಹಣ್ಣಿನೊಂದಿಗೆ. "ನಮ್ ದೊಡ್ಮಗಳು ಸಾವಿತ್ರಿಗೆ ಈಬೂತಿಯೋನು ಸರಿ. ಚಿಕ್ಕೋಳು ಗೌರಿ ಮಾತ್ರ ಮದ್ವೆ ಆದ್ರೆ ಕನ್ನಡ್ಕದೋನ್ನೇ ಅಂತ ಕುಂತವ್ಳೆ. ಅಕ್ಕ ತಂಗೀರು, ಅಣ್ತಮ್ಮಂದ್ರು, ಒಂದೇ ಚಪ್ರ, ಒಂದೇ ಓಲಗ. ಊರಿಗೆಲ್ಲ ಯೋಳ್ಬುಟ್ಟಿವ್ನಿ. ಬರೋ ಭಾನ್ವಾರ ಇಬ್ರನ್ನೂ ಕರ್ಕೊಂಡ್ ಬನ್ನಿ."

ನನ್ನ ಕೈಯಲ್ಲಿದ್ದ ಲೋಟದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ಬೇಗ ಒರೆಸಿಕೊಳ್ಳಬಹುದಿತ್ತು ಎಂಬುದನ್ನು ಒಪ್ಪುತ್ತೇನೆ.

ವಿಷಯ ತಿಳಿದ ಮರಿಸ್ವಾಮಿ ಗಾಬರಿಯಾಗಲಿಲ್ಲ, ಅವನಿಗೆ ಹೆಮ್ಮೆಯಾಯಿತು. "ನೋಡಿದ್ರಾ ಭಾವ, ಒಬ್ನೇ ಇಬ್ರಾಗಿವ್ನಿ. ಒಂದಿನ ಈಬೂತಿ ಬಳ್ಕೊಂಡು ಓಯ್ತೀನಿ, ಇನ್ನೊಂದಿನ ಕನ್ನಡ್ಕ ಆಕ್ಕೊಂಡು."

"ಲೋ, ತಾಳಿ ಕಟ್ಟೋ ದಿನ ಏನ್ಲಾ ಮಾಡ್ತೀಯ?" ಎಂದು ನನ್ನ ಹೆಂಡತಿ ಗದರಿದಳು.

"ನಡುವೆ ಅರ್ಧ ಗಂಟೆ ಟೈಮು ಕೊಡಾಕಿಲ್ವಾ ಅಕ್ಕ?"

ಪೂರಿಗಾಲಿಗೆ ಹೋಗಿ ನಿಜ ಹೇಳಿಬಿಡುವುದೆಂದು ನಾನೇ ನಿಶ್ಚಯಿಸಿದೆ. ಆ ಭಾನುವಾರ ಹೆಂಡತಿಯೊಂದಿಗೆ ಹೊರಟು, ಬಸ್ಸಿನಲ್ಲಿ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡೆ. ಆದರೆ ಮರಿಸ್ವಾಮಿ ಮದ್ದೂರಿನಿಂದ ನೇರವಾಗಿ ಅಲ್ಲಿಗೆ ಬರುವವನಿದ್ದ. ಆ ವಾರವೇ ಅವನು ವಿರಹಗೀತೆಯ ಹೊಸ ಸ್ಲೈಡುಗಳಿಗೆ ನಿಂತಿದ್ದ ಎಂಬುದು ನನಗೆ ಗೊತ್ತಿರಲಿಲ್ಲ. ಮುಖದ ತುಂಬ ವಾರದಿಂದ ಬೋಳಿಸದ ಗಡ್ಡ, ಕೆದರಿದ ಕೂದಲು, ಹೆಗಲ ಮೇಲೆ ಕಂದು ಶಾಲು. ಹೆಣ್ಣು ನೋಡಲು ಬಂದವನು ಹೆಣ್ಣು ಕಳೆದುಕೊಂಡವನಂತೆ ಕಾಣುತ್ತಿದ್ದ.

ಬೋರೇಗೌಡರು ನಮ್ಮ ಹಿಂದೆ, ಬೀದಿಯ ಕಡೆಗೆ ನೋಡಿದರು. "ಉಡುಗ್ರೆಲ್ಲಿ? ಇವ್ರು ಯಾರು?"

"ಇವನು ನನ್ನ ತಮ್ಮ ಕಣಣ್ಣ" ಎಂದಳು ನನ್ನ ಹೆಂಡತಿ. ಅವಳೂ ನನ್ನಿಂದ ಕಲಿತಿದ್ದಳು.

"ಇವ್ನು ಮೂರ್ನೇಯೋನಾ!" ಗೌಡರು ಜಗಲಿಯ ಕಂಬ ಹಿಡಿದುಕೊಂಡರು. "ತಾಯಿ, ನಮ್ಮನೇಲಿ ಇರೋವು ಎರಡೇ ಎಣ್ಣು ಕಣಮ್ಮ."

ನನ್ನ ನಾಲ್ಕು ವಾಕ್ಯಗಳೂ ಎಲ್ಲಿಗೋ ಹೋಗಿದ್ದವು. "ಗೌಡ್ರೇ, ಮೂವರೂ ಇವನೇ" ಎಂದೆ.

"ಈಬೂತಿಯೋನು?"

"ಇವನೇ."

"ಕನ್ನಡ್ಕದೋನು?"

"ಇವನೇ."

"ಮತ್ತೆ ಅವತ್ತು ನಾನು ಕೇಳ್ದಾಗ?"

"ಅವತ್ತು… ವಯಸ್ಸಿನಲ್ಲಿ ವ್ಯತ್ಯಾಸ ಇಲ್ಲ ಅಂದೆ."

ಕೊಟ್ಟಿಗೆಯಲ್ಲಿ ಎತ್ತು ಮೆಲುಕು ಹಾಕುವುದು ಕೇಳುತ್ತಿತ್ತು. ಅತ್ತೆಯ ಊಟ, ಬಾಮೈದನ ಬಾಳು, ಚಪ್ಪರಕ್ಕೆಂದು ಆಗಲೇ ತಂದು ಒರಗಿಸಿದ್ದ ಬಿದಿರಿನ ಗಳಗಳು, ಎಲ್ಲವನ್ನೂ ನಾನು ಒಂದೊಂದಾಗಿ ನೆನೆದೆ. ಆಗ ಒಳಗಿನಿಂದ ಇಬ್ಬರು ಹುಡುಗಿಯರ ನಗು ಕೇಳಿತು. ಸಾವಿತ್ರಿ ಬಾಗಿಲಿಗೆ ಬಂದು ನಿಂತಳು.

"ಅಪ್ಪಯ್ಯ, ಪೋಟೋದಲ್ಲೂ ಟೆಂಟಲ್ಲೂ ಅದೇ ವಾರೆ ಮೂಗು. ನಾವು ಅವತ್ತೇ ಕಂಡ್ಕೊಂಡೊ. ಗೌರಿ ಸುಮ್ಕೆ ನಿನ್ನ ಆಟ ಆಡಿಸ್ತಿದ್ಳು. ಅವ್ಳಿಗೆ ಇಂಥೋನು ಯಾಕೆ? ನಂಗೆ ಪರ್ವಾಗಿಲ್ಲ. ಮೊದ್ಲು ಆ ಗಡ್ಡ ತಗೀಲಿ ಅನ್ನು."

ಮರಿಸ್ವಾಮಿ ಶಾಲು ತೆಗೆದು ಮಡಿಚಿ ಕಂಕುಳಲ್ಲಿಟ್ಟುಕೊಂಡ. ಯಾರೋ ಹೇಳಿದ ತಕ್ಷಣ ಅವನು ವೇಷ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೋರೇಗೌಡರು ನಗಲು ಶುರು ಮಾಡಿದವರು, ನನ್ನ ಕಡೆ ತಿರುಗಿದಾಗ ನಿಲ್ಲಿಸಿದರು.

"ಉಡ್ಗಂದೇನೂ ತಪ್ಪಿಲ್ಲ. ಅವ್ನು ಆಡೋನು, ಬಟ್ಟೆ ಬದ್ಲಾಯಿಸ್ದ. ನೀವು ಅಂಗೀನೂ ಬದ್ಲಾಯಿಸ್ದೆ ನನ್ನ ಏಮಾರಿಸಿದ್ರಲ್ಲಪ್ಪ! ಮದ್ವೆ ಆಗ್ಲಿ. ಮಾತುಕತೆಗೆ ಮಾತ್ರ ಬೇರೆ ಯಾರ್ನಾದ್ರೂ ಕಳ್ಸಿ."

ಮದುವೆ ಚೆನ್ನಾಗಿ ಆಯಿತು. ಮರುವರ್ಷದ ಸ್ಲೈಡುಗಳಲ್ಲಿ ಮರಿಸ್ವಾಮಿ ಸಾವಿತ್ರಿ ಆರಿಸಿದ ಬಿಳಿ ಅಂಗಿ ತೊಟ್ಟು, ನುಣ್ಣಗೆ ಬೋಳಿಸಿದ ಮುಖದಲ್ಲಿ ಸಂಸಾರಸ್ಥನಂತೆ ನಕ್ಕ. ವಿಭೂತಿ, ಕನ್ನಡಕ, ಗಡ್ಡ ಮೂರನ್ನೂ ಜನ ಮರೆತರು. ನಾನು ಈಗಲೂ ಹಬ್ಬ ಹರಿದಿನಕ್ಕೆ ಪೂರಿಗಾಲಿಗೆ ಹೋಗುತ್ತೇನೆ. ಮರ್ಯಾದೆಗೆ ಕೊರತೆಯಿಲ್ಲ, ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸುತ್ತಾರೆ. ಮೊನ್ನೆ ಪಕ್ಕದ ಮನೆಯ ಸಿದ್ದೇಗೌಡ ಬಂದು ಮಳವಳ್ಳಿ ಬಸ್ಸು ಹೋಯಿತೇ ಎಂದು ಕೇಳಿದ. "ಈಗ ತಾನೇ ಹೋಯಿತು, ನನ್ನ ಕಣ್ಣಾರೆ ಕಂಡೆ" ಎಂದೆ. ಸಿದ್ದೇಗೌಡ ಮನೆಯ ಕಡೆ ಹೊರಟ. ಬೋರೇಗೌಡರು ಅವನ ತೋಳು ಹಿಡಿದು ನಿಲ್ಲಿಸಿದರು.

"ತಡೀಲಾ. ಓಗಿದ್ದು ಒಂದು ಬಸ್ಸಾ, ಎರಡಾ, ಸರ್ಯಾಗಿ ಕೇಳ್ಕೊ."