ಹೆಗಲು ಇಳಿಸುವ ಕೈಗಳು

ಸರ್ವಮಂಗಳಾ ಎರಡನೆಯ ದೋಸೆಗೆ ಎಣ್ಣೆ ಬಿಡುತ್ತಿದ್ದಾಗ ಮೈದುನ ಪ್ರಾಣೇಶ ಅಡುಗೆಮನೆಯ ಬಾಗಿಲಲ್ಲಿ ಒಂದು ಚೀಲ ಹಿಡಿದು ನಿಂತ. ತನ್ನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಅವನು ಹೀಗೆ ನಿಂತಾಗಲೆಲ್ಲ ಮನೆಯಲ್ಲಿ ಏನಾದರೊಂದು ಸುಟ್ಟುಹೋಗುತ್ತಿತ್ತು.

"ಬೆನ್ನಿಗೆ ಹಾಕ್ಕೊಳ್ಳಿ ಅತ್ತಿಗೆ. ಭುಜರಕ್ಷಕ!"

"ಸ್ಕೂಲಿಗೆ ಹೋಗೋ ವಯಸ್ಸಾ ನಂದು?"

"ಹೆಗಲು ಬಿಗಿಯಾದ್ರೆ ಸಾಕು, ಇದಕ್ಕೆ ಗೊತ್ತಾಗತ್ತೆ. ಒತ್ತಿ ಇಳಿಸಿಬಿಡತ್ತೆ."

ಚೀಲದ ಮೇಲಿಂದ ಎರಡು ಹಳದಿ ರಬ್ಬರ್ ಕೈಗಳು ಇಣುಕುತ್ತಿದ್ದವು. ಅವಳು ನಗಲಿಲ್ಲ. ಮೂವತ್ತು ವರ್ಷ ಮೈಸೂರಿನ ಕಛೇರಿಗಳಲ್ಲಿ ಪಿಟೀಲು ಪಕ್ಕವಾದ್ಯ ನುಡಿಸಿದ ಬಲಭುಜ ಆರು ತಿಂಗಳಿಂದ ಮುಷ್ಕರ ಹೂಡಿತ್ತು. ಭಾನುವಾರ ಮತ್ತೆ ಮೊದಲ ಕಛೇರಿ. ಅಂದೂ ನೋವು ಬಂದರೆ ಕಮಾನನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಕಮಾನಿಲ್ಲದೆ ತಾನು ಯಾರು ಎಂಬ ಪ್ರಶ್ನೆಯನ್ನು ಅವಳು ದೋಸೆ ಹಿಟ್ಟಿನಂತೆ ಮುಚ್ಚಿಟ್ಟಿದ್ದಳು. ಮುಚ್ಚಿಟ್ಟಷ್ಟೂ ಅದು ಉಬ್ಬುತ್ತಿತ್ತು.

ಚೀಲ ಹಾಕಿಕೊಂಡಳು. ಫೋನು ಹೊಡೆದುಕೊಂಡಿತು, ಕೈಗಳು ಥಟ್ಟನೆ ಹೆಗಲನ್ನು ಒತ್ತಿದವು. ಹಾಲು ಉಕ್ಕಲು ಬಂತು, ಮತ್ತೆ ಒತ್ತಿದವು. ಒಳಗಿನಿಂದ ಅತ್ತೆ "ಕಾಫಿ ಆಯ್ತೇನೇ?" ಎಂದಾಗ ಎಷ್ಟು ಜೋರಾಗಿ ಒತ್ತಿದವೆಂದರೆ ಅವಳು ನೆಲದ ಮೇಲೇ ಕುಳಿತುಬಿಟ್ಟಳು.

"ಸುಸ್ತಾಗಿದೆ ಪಾಪ," ಎಂದು ಅತ್ತೆ ತಾವೇ ಕಾಫಿ ಬೆರೆಸಿದರು. ಮದುವೆಯಾದ ಮೇಲೆ ಇದೇ ಮೊದಲು.

ಸಂಜೆ ಪಿಟೀಲು ಹಿಡಿದು ವರ್ಣ ನುಡಿಸಿದಳು. ಕೈಗಳು ಮಿಸುಕಲಿಲ್ಲ.

"ಕೆಟ್ಟಿದೆ," ಎಂದ ಪ್ರಾಣೇಶ. "ಪಿಟೀಲಿಗೇಂತ ಮಾಡಿದ್ದು, ಪಿಟೀಲು ಕೇಳಿದ್ರೆ ನಿದ್ದೆ ಹೊಡೀತಿದೆ."

"ನನ್ನ ಹೆಗಲು ಬಿಗೀತಿಲ್ಲವೇನೋ."

"ಹಾಗಾದ್ರೆ ನೋವು ಎಲ್ಲಿಂದ ಬಂತು, ಪಕ್ಕದ ಮನೆಯಿಂದಲಾ?" ಎನ್ನುತ್ತ ಅವನು ಯಂತ್ರದ ಸೂಕ್ಷ್ಮತೆಯನ್ನು ಹತ್ತರಷ್ಟು ಏರಿಸಿದ.

ಭಾನುವಾರ ಚೀಲದ ಮೇಲೆ ಶಾಲು ಹೊದ್ದು ವೇದಿಕೆ ಏರಿದಳು. ಗಾಯಕ ಸಂಪತ್ಕುಮಾರರ ಆಲಾಪನೆಯನ್ನು ಹಿಂಬಾಲಿಸಿ ನುಡಿಸಿದಳು. ನೋವಿಲ್ಲ. ಆಮೇಲೆ ಅವರು ಸ್ವರ ಹಾಕತೊಡಗಿದರು. ಅವರು ಹಾಡಿ ನಿಲ್ಲಿಸುವವರೆಗೆ ಕಾಯಬೇಕು, ನಿಲ್ಲಿಸಿದೊಡನೆ ಪಿಟೀಲು ಉತ್ತರ ಕೊಡಬೇಕು. ಎಂದಿನಂತೆ ಕಮಾನು ಎತ್ತಿ ಹಿಡಿದು, ಕತ್ತು ತಿರುಗಿಸಿ, ಉಸಿರು ಕಟ್ಟಿ ಅವರ ಬಾಯನ್ನೇ ನೋಡುತ್ತ ಕುಳಿತಳು. ಕೈಗಳು ಥಟ್ಟನೆ ಒತ್ತಿದವು. ಉತ್ತರ ನುಡಿಸುವಾಗ ಸುಮ್ಮನಾದವು. ಕಾಯುವ ಸರದಿ ಬಂದಾಗ ಮತ್ತೆ ಒತ್ತಿದವು.

ಅವಳಿಗೆ ಒಮ್ಮೆಲೇ ತಿಳಿಯಿತು. ಈ ಹೆಗಲು ನುಡಿಸಿ ನೊಂದದ್ದಲ್ಲ, ಕಾದು ಕಾದು ನೊಂದದ್ದು. ಕಮಾನನ್ನು ಮಡಿಲಿಗಿಳಿಸಿ ಉಸಿರು ಬಿಟ್ಟಳು.

ಕೆಲಸವಿಲ್ಲದ ರಬ್ಬರ್ ಕೈಗಳು ಈಗ ಅಕ್ಕಪಕ್ಕ ಬಿಗಿದ ಹೆಗಲು ಹುಡುಕಿದವು! ಶಾಲು ಸರಿಸಿ, ಸ್ಪ್ರಿಂಗಿನ ಮೇಲೆ ಉದ್ದವಾಗಿ, ಮೇಲಿನ ಪಂಚಮಕ್ಕೆಂದು ಹೆಗಲನ್ನು ಕಿವಿಯವರೆಗೆ ಏರಿಸಿದ್ದ ಸಂಪತ್ಕುಮಾರರನ್ನು ಒತ್ತಿದವು. ಪಂಚಮ ಬೆಣ್ಣೆಯಂತೆ ಬಂತು. ಸಭೆ ಚಪ್ಪಾಳೆ ತಟ್ಟಿತು.

"ನನಗೂ ಸ್ವಲ್ಪ ಒತ್ಸಮ್ಮಾ," ಎಂದು ಮೃದಂಗದ ಶೇಷಪ್ಪನವರು ಪಿಸುಗುಟ್ಟಿ ಇತ್ತ ವಾಲಿದರು.

ಅಷ್ಟರಲ್ಲಿ ಪ್ರಾಣೇಶ ಸ್ಕ್ರೂಡ್ರೈವರ್ ಹಿಡಿದು ವೇದಿಕೆಗೆ ಓಡಿಬಂದ. ಇಡೀ ಸಭೆಯಲ್ಲಿ ಅವನಷ್ಟು ಬಿಗಿದುಕೊಂಡ ಹೆಗಲು ಇನ್ನೊಂದಿರಲಿಲ್ಲ. ಕೈಗಳು ಅವನ ಮೇಲೆ ಎರಗಿ, ಒತ್ತಿ ಕೂರಿಸಿ, ಒತ್ತಿ ಮಲಗಿಸಿದವು. ಉಳಿದ ಕಛೇರಿಯುದ್ದಕ್ಕೂ ಅವನು ತಂಬೂರಿಯ ಶ್ರುತಿಗೆ ಸರಿಯಾಗಿ ಗೊರಕೆ ಹೊಡೆದ.

ಕೊನೆಯ ಮಂಗಳ ಹಾಡಿ ಮುಗಿದ ಮೇಲೆ ಅವನು ಎದ್ದು ಕಣ್ಣುಜ್ಜಿಕೊಂಡು, "ನೋಡಿದ್ರಾ ಅತ್ತಿಗೆ, ನೋವು ಬರಲಿಲ್ಲ ತಾನೇ?" ಎಂದ.

"ಹೂಂ, ಬರಲಿಲ್ಲ."

ಬಲಗೈ ಎತ್ತಿ ತುರುಬಿನ ಹೂವು ಸರಿಮಾಡಿಕೊಂಡಳು. ಆರು ತಿಂಗಳಿಂದ ಅಷ್ಟೆತ್ತರಕ್ಕೆ ಹೋಗದ ಕೈ. ಇನ್ನು ಮೇಲೆ ಯಾರ ಬಾಯನ್ನೂ ನೋಡುತ್ತ ಉಸಿರು ಕಟ್ಟಿ ಕೂರುವುದಿಲ್ಲವೆಂದು ಅವಳು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರಾಣೇಶ ಅದಕ್ಕೂ ಒಂದು ಯಂತ್ರ ಮಾಡುತ್ತಿದ್ದ.