ಅರ್ಧಕ್ಕೆ ನಿಂತ ಆಡು

ನನಗೊಂದು ಕಾಯಿಲೆ ಇದೆ. ಅಂಚೆಗೆ ಚಿತ್ರ ಹಾಕಿದ ದಿನದಿಂದ ಅದು ಪತ್ರಿಕೆಯಲ್ಲಿ ಅಚ್ಚಾಗಿ ಬರುವವರೆಗೆ ಒಂದು ಕಡೆ ಕೂರಲಾರೆ. ಉಣ್ಣಲು ಕೂತರೆ ಸಾರು ಬರುವ ಮೊದಲೇ ಎದ್ದು ಬಾಗಿಲಿಗೆ ಹೋಗಿ ಬರುತ್ತೇನೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಹೂಜಿ ಬರೆಯಲು ಹೊರಟು, ಅದಕ್ಕೆ ತಳ ಹಾಕುವುದನ್ನೇ ಮರೆತು ಕಿಟಕಿಯ ಹತ್ತಿರ ನಿಂತಿರುತ್ತೇನೆ. ಅಗರದಿಂದ ಮಾವನವರು ಬಂದಾಗ ನನ್ನ ಹೆಂಡತಿ ಮಾದೇವಮ್ಮ, ಇವರು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರೆ ಅಂತ ದೂರು ಹೇಳಿದಳು. ಆ ಪುಣ್ಯಾತ್ಮರು ಬಗ್ಗಿ ನನ್ನ ಕಾಲನ್ನೇ ನೋಡಿ, ಅರಳೆಣ್ಣೆ ಹಚ್ಚಿ ನೀವಿದರೆ ಹೋಗುತ್ತದೆ ಅಂದರು. ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಅವರ ಅಗರ ಮೈಸೂರಿಗೆ. ಮಗಳನ್ನು ಪರರಾಜ್ಯಕ್ಕೆ ಕೊಟ್ಟ ವ್ಯಥೆ ಅವರಿಗೆ ಮೊದಲಿಂದಲೂ ಇತ್ತು. ಅಳಿಯ ಒಂದೆಡೆ ಕೂರುವವನೂ ಅಲ್ಲ ಅಂತ ಗೊತ್ತಾದ ಮೇಲೆ ಅದು ಇನ್ನಷ್ಟು ಹೆಚ್ಚಿತು.

ನಾನು ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರುಗಿರಿ ಹೊಟ್ಟೆಪಾಡಿಗೆ, ಚಿತ್ರ ಜೀವಕ್ಕೆ ಅಂತ ನನ್ನಷ್ಟಕ್ಕೆ ನಾನೇ ಹೇಳಿಕೊಂಡು ಮೈಸೂರಿನ ಒಂದು ವಾರಪತ್ರಿಕೆಗೆ ಅಂಚೆಯ ಮೂಲಕ ಚಿತ್ರ ಬರೆದು ಕಳಿಸುತ್ತಿದ್ದೆ. ಏನು ಚಿತ್ರ ಅಂತ ಕೇಳಬೇಡಿ. ಕಥೆ ಪುಟ ತುಂಬದೆ ಕೆಳಗೆ ಎರಡು ಬೆರಳು ಜಾಗ ಉಳಿದರೆ ಅಲ್ಲಿ ಹಾಕುವುದಕ್ಕೆ ಒಂದು ದೀಪ, ಒಂದು ನವಿಲು, ಒಂದು ತೆಂಗಿನ ಮರ. ಮೂರು ವರ್ಷ ಹೀಗೆ ದೀಪ ಹಚ್ಚಿದ್ದಾಯಿತು. ಚಿತ್ರದ ಕೆಳಗೆ ಹೆಸರು ಹಾಕುತ್ತಿರಲಿಲ್ಲ. ಈ ನವಿಲು ನನ್ನದು ಅಂತ ಸ್ಟಾಫ್ ರೂಮಿನಲ್ಲಿ ತೋರಿಸಿದರೆ, ಸಂಸ್ಕೃತ ಪಂಡಿತರು ಕನ್ನಡಕ ಏರಿಸಿ ನೋಡಿ, ಕೋಳಿ ಅಲ್ಲವೋ ಅನ್ನುವರು. ಹೀಗಿರುವಾಗ ಸಂಪಾದಕರಿಂದ ಒಂದು ಕಾರ್ಡು ಬಂತು. ದೀಪಾವಳಿ ವಿಶೇಷಾಂಕದ ಮುಖ್ಯ ಕಥೆಗೆ ಇಡೀ ಪುಟದ ಚಿತ್ರ ಬೇಕು. ಅದು ಚೆನ್ನಾಗಿ ಬಂದರೆ ಸಂಕ್ರಾಂತಿಯಿಂದ ಶುರುವಾಗುವ ಧಾರಾವಾಹಿಗೆ ವಾರವಾರವೂ ನೀವೇ ಬರೆಯಬಹುದು, ಹೆಸರೂ ಹಾಕುತ್ತೇವೆ ಅಂತ ಬರೆದಿದ್ದರು. ಆ ಕಾರ್ಡನ್ನು ಎಷ್ಟು ಸಲ ಓದಿದೆನೋ, ಮಡಿಕೆ ಹಾಕಿದ ಕಡೆ ಹರಿದು ಎರಡು ತುಂಡಾಯಿತು.

ತೊಂದರೆ ಏನೆಂದರೆ ಕಥೆ ಇನ್ನೂ ಬಂದಿರಲಿಲ್ಲ. ಕಥೆಗಾರರು ಬರೆಯುತ್ತಲೇ ಇದ್ದರು. ಚಿತ್ರವನ್ನು ಅಚ್ಚಿಗೆ ಇಳಿಸುವ ಬ್ಲಾಕು ಮಾಡಿಸಲು ಹೊತ್ತು ಬೇಕು, ಆದ್ದರಿಂದ ಯಾವ ಸನ್ನಿವೇಶ ಬರೆಯಬೇಕೆಂದು ಟೆಲಿಫೋನಿನಲ್ಲಿ ತಿಳಿಸುತ್ತೇವೆ, ಕಥೆ ಆಮೇಲೆ ಅಂಚೆಯಲ್ಲಿ ಬರುತ್ತದೆ ಅಂದಿದ್ದರು. ನನಗೆ ಗೊತ್ತಿದ್ದ ಟೆಲಿಫೋನು ಬಜಾರಿನ ರೇಷ್ಮೆ ಅಂಗಡಿಯದು. ಅದರ ನಂಬರು ಬರೆದು ಕಳಿಸಿ ಅಲ್ಲಿ ಎರಡು ದಿನ ಕಾದೆ. ಮೂರನೆಯ ದಿನ ಪರೀಕ್ಷೆಗೆ ಕಾವಲು ನಿಲ್ಲಬೇಕಾಗಿ ಬಂತು. ಫೋನು ಬಂದದ್ದು ಅವತ್ತೇ. ಅಂಗಡಿಯ ಗುಮಾಸ್ತ ಗುರುಸಿದ್ದಪ್ಪ ಬಂಡಳ್ಳಿಯವನು, ಒಳ್ಳೆಯ ಮನುಷ್ಯ. ಸಂಪಾದಕರು ಹೇಳಿದ್ದನ್ನೆಲ್ಲ ನೂಲಿನ ಚೀಟಿಯ ಹಿಂದೆ ಬರೆದುಕೊಂಡಿದ್ದ. "ಒಂದಕ್ಷರ ಬುಟ್ಟಿಲ್ಲ ಸಾ, ಅವ್ರು ಯೋಳ್ದಂಗೇ ಬರ್ದಿವ್ನಿ" ಅಂತ ಕೈಗಿತ್ತ.

ಚೀಟಿಯಲ್ಲಿ ಇದ್ದದ್ದು ಇಷ್ಟು: ಎಣ್ಣು ನೋಡಕೆ ಬಂದವ್ರೆ. ಉಡ್ಗಿ ಚಾಪೆ ಮೇಲೆ ಕುಂತವ್ಳೆ. ಆಡು ಅರ್ಧಕ್ಕೇ ನಿಂತೋಯ್ತು. ಎಲ್ಲಾರೂ ಬಾಗ್ಲು ಕಡೆ ನೋಡುದ್ರು.

ನಮ್ಮ ಸೀಮೆಯಲ್ಲಿ ಹಕಾರಕ್ಕೆ ಮರ್ಯಾದೆ ಕಡಿಮೆ. ನಾನೂ ಇಲ್ಲೇ ಶಾಗ್ಯದಲ್ಲಿ ಹುಟ್ಟಿದವನೇ. ಆದರೆ ಮೇಷ್ಟ್ರಾದ ಮೇಲೆ ಬಲು ಕಷ್ಟಪಟ್ಟು ಅದನ್ನು ನಾಲಿಗೆಗೆ ತಂದುಕೊಂಡಿದ್ದೆ. ಆ ವಿಷಯದಲ್ಲಿ ಸ್ವಲ್ಪ ಜಂಬವೂ ಇತ್ತು. ಕೆಂಪು ಪೆನ್ಸಿಲು ತೆಗೆದು ಮಕ್ಕಳ ಕಾಪಿ ತಿದ್ದುವ ಹಾಗೆ ತಿದ್ದಿದೆ. ಎಣ್ಣನ್ನು ಹೆಣ್ಣು ಮಾಡಿದೆ. ಉಡ್ಗಿಯನ್ನು ಹುಡುಗಿ ಮಾಡಿದೆ. ಆಡಿಗೆ ಬಂದಾಗ ತಿದ್ದುವಂಥದ್ದೇನೂ ಕಾಣಲಿಲ್ಲ. ಆಡು ಅಂದರೆ ಆಡು, ಕೊಂಬು ಬಾಲ ಎಲ್ಲ ಇರುವ ಪ್ರಾಣಿ. ಹೆಣ್ಣು ನೋಡುವ ಹೊತ್ತಿನಲ್ಲಿ ಒಂದು ಆಡು ಒಳಗೆ ನುಗ್ಗಲು ಹೋಗಿ ಹೊಸ್ತಿಲ ಮೇಲೆ ಅರ್ಧಕ್ಕೇ ನಿಂತಿದೆ, ಎಲ್ಲರೂ ಬಾಗಿಲ ಕಡೆ ತಿರುಗಿದ್ದಾರೆ. ಅಬ್ಬಾ, ಎಂಥ ಕಥೆಗಾರ ಅಂದುಕೊಂಡೆ.

ನಾಲ್ಕು ದಿನ ಬರೆದೆ. ಮಾದೇವಮ್ಮ ಪಕ್ಕದ ಮನೆಯ ಆಡನ್ನು ಹಿಡಿದು ತಂದು ನಮ್ಮ ಹೊಸ್ತಿಲಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಲ್ಲಿಸಿಕೊಂಡಳು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಇದು ನಾನು ಬರೆದು ಒಣಗಲು ಇಟ್ಟಿದ್ದ ಭಾವೀ ಮಾವನನ್ನು ಪೇಟದ ತನಕ ತಿಂದಿತು. ಅವನನ್ನು ಮತ್ತೆ ಬರೆದೆ. ಮಾದೇವಮ್ಮ ಮಾತ್ರ ಹಗ್ಗ ಹಿಡಿದು ನಿಂತು ನಿಂತು ಬೇಸತ್ತು, ಹೆಣ್ಣು ನೋಡುವ ಕಥೆಯಲ್ಲಿ ಆಡಿಗೆ ಏನು ಕೆಲಸ, ಚೀಟಿ ಸರಿಯಾಗಿ ಓದಿದಿರಾ ಅಂತ ಎರಡು ಸಲ ಕೇಳಿದಳು. ಸಾಹಿತ್ಯ ನಿನಗೆ ತಿಳಿಯದು ಅಂದೆ. ಚಿತ್ರವನ್ನು ರಟ್ಟಿನ ನಡುವೆ ಇಟ್ಟು ಹೊಲಿದು ರಿಜಿಸ್ಟರ್ ಮಾಡಿಸಿ ಬಂದೆ.

ಕಥೆ ಬಂದದ್ದು ಐದು ದಿನ ಬಿಟ್ಟು. ನಡುಮನೆಯಲ್ಲಿ ತಿರುಗಾಡುತ್ತಲೇ ಓದಿದೆ. ಹುಡುಗಿ ಹಾರ್ಮೋನಿಯಂ ಮುಂದೆ ಕೂತಳು, ಹಾಡತೊಡಗಿದಳು. ಅವಳು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ ಹುಡುಗ ಬಾಗಿಲಿಗೆ ಬಂದ. ಹಾಡು ಅರ್ಧಕ್ಕೇ ನಿಂತಿತು.

ಹಾಡು! ಮೂರು ವರ್ಷ ನವಿಲು ಬರೆದು ಸಂಪಾದಿಸಿದ ಒಂದೇ ಒಂದು ಅವಕಾಶ, ಪ್ರೇಮಿ ನಿಲ್ಲಬೇಕಾದ ಜಾಗದಲ್ಲಿ ಆಡು ನಿಲ್ಲಿಸಿ ಕಳಿಸಿದ್ದೇನೆ. ಅಂಗಿಯ ಗುಂಡಿಯನ್ನೂ ಹಾಕದೆ ರೇಷ್ಮೆ ಅಂಗಡಿಗೆ ಓಡಿ ಮೈಸೂರಿಗೆ ಟ್ರಂಕ್ ಕಾಲ್ ಹೇಳಿದೆ. ಲೈನು ಸಿಗುವವರೆಗೆ ಅಂಗಡಿಯ ಜಮಖಾನದ ಮೇಲೆ ಎಷ್ಟು ನಡೆದೆನೆಂದರೆ, ಸೀರೆ ಕೊಳ್ಳಲು ಬಂದಿದ್ದ ಹೆಂಗಸರು ಗಾಬರಿಯಾಗಿ, ಆಮೇಲೆ ಬರುತ್ತೇವೆ ಅಂತ ಎದ್ದು ಹೋದರು. ಕೊನೆಗೆ ಸಂಪಾದಕರ ದನಿ ದೂರದ ಬಾವಿಯಿಂದ ಕೇಳಿದ ಹಾಗೆ ಕೇಳಿಸಿತು. ನಾನು ಜೀವ ಬಾಯಿಗೆ ತಂದುಕೊಂಡು ಕೂಗಿದೆ:

"ಸಾ, ತಪ್ಪಾಗೋಯ್ತು. ಅದು ಆಡಲ್ಲ ಸಾ, ಆಡು!"

ಏನು, ಏನು ಅಂತ ಆ ಕಡೆಯಿಂದ ಕೇಳಿದರು. ನಾನು ಮತ್ತೆ ಕೂಗಿದೆ. ಹಕಾರ ಬರಲೇ ಇಲ್ಲ. ಹದಿನೈದು ವರ್ಷ ಸಾಕಿದ ಹಕಾರ, ಬೇಕಾದ ಹೊತ್ತಿಗೆ ಶಾಗ್ಯಕ್ಕೆ ಹೊರಟುಹೋಗಿತ್ತು.

"ಆಡು ತಾನೇ? ಬಂದಿದೆ, ನೋಡಿದೆ. ಬ್ಲಾಕಿಗೂ ಹೋಯಿತು" ಅಂದು ಅವರು ಫೋನು ಇಟ್ಟರು. ಹಿಂದೆ ನಿಂತಿದ್ದ ಗುರುಸಿದ್ದಪ್ಪ, "ಸರ್ಯಾಗೇ ಯೋಳುದ್ರಿ ಬುಡಿ ಸಾ" ಅಂತ ಸಮಾಧಾನ ಮಾಡಿದ.

ವಿಶೇಷಾಂಕ ಬರುವವರೆಗಿನ ದಿನಗಳ ಬಗ್ಗೆ ಏನೂ ಹೇಳುವುದಿಲ್ಲ. ಒಂದು ಜೊತೆ ಚಪ್ಪಲಿ ಸವೆಯಿತು. ಪತ್ರಿಕೆ ಬಂದಾಗ ನೋಡುತ್ತೇನೆ, ಇಡೀ ಪುಟದಲ್ಲಿ ನನ್ನ ಆಡು ನಿಂತಿದೆ. ಕಥೆಗಾರರು, ಪಾಪ, ಬೇರೆ ದಾರಿಯಿಲ್ಲದೆ ಕಥೆಯೊಳಗೆ ಎರಡು ಸಾಲು ಸೇರಿಸಿದ್ದರು. ಮೊದಲು ಆಡು ಬರುತ್ತದೆ, ಅದನ್ನು ಅಟ್ಟಿಕೊಂಡು ಹುಡುಗ ಬರುತ್ತಾನೆ. ಚಿತ್ರದ ಕೆಳಗೆ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ಸಂಸ್ಕೃತ ಪಂಡಿತರೂ ಅದನ್ನು ಆಡೆಂದೇ ಗುರುತಿಸಿದರು.

ಜೊತೆಗೇ ಸಂಪಾದಕರ ಕಾಗದ. ತಮ್ಮ ಚಿತ್ರದಲ್ಲಿ ಮನುಷ್ಯರೆಲ್ಲ ಗೋಡೆಗೆ ಒರಗಿಸಿಟ್ಟ ಹಾಗಿದ್ದಾರೆ, ಆಡಿನ ಮುಖದಲ್ಲಿ ಮಾತ್ರ ಒಳಗೆ ಬರಲೋ ಹಿಂದಕ್ಕೆ ಹೋಗಲೋ ಎಂಬ ತಳಮಳ ಜೀವಂತವಾಗಿ ಮೂಡಿದೆ, ಆದ್ದರಿಂದ ಧಾರಾವಾಹಿಯ ಮನುಷ್ಯರನ್ನು ಇಲ್ಲಿಯವರೊಬ್ಬರಿಗೆ ಒಪ್ಪಿಸಿದ್ದೇವೆ, ಪ್ರಾಣಿಗಳು ಬಂದಾಗ ತಮಗೇ ತಿಳಿಸುತ್ತೇವೆ ಅಂತ ಇತ್ತು. ಧಾರಾವಾಹಿ ಒಬ್ಬ ವಕೀಲರ ಮನೆಯದು. ಆ ಮನೆಯಲ್ಲಿ ಒಂದು ಬೆಕ್ಕೂ ಇಲ್ಲ. ವಾರವಾರವೂ ಓದಿ ನೋಡುತ್ತಿದ್ದೇನೆ.

ಮಾದೇವಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಪಕ್ಕದ ಮನೆಯ ಆಡು ನಾಲ್ಕು ದಿನವೂ ಮೆಲುಕು ಹಾಕಿಕೊಂಡು ತೂಕಡಿಸುತ್ತಿತ್ತಲ್ಲ, ಅದಕ್ಕೆ ಈ ತಳಮಳ ಎಲ್ಲಿಂದ ಬಂತು ಅಂತ ಕೇಳಿದಳು. ಏನೋ ಕೈಗುಣ ಅಂದೆ. ನಿಜ ಹೇಳಬೇಕೆಂದರೆ ಆ ಆಡಿನ ಮೋರೆ ನನಗೆ ಉಪಯೋಗಕ್ಕೆ ಬಂದಿರಲಿಲ್ಲ. ಮೈ, ಕಾಲು, ಕೊಂಬು ಅದರದು ಬರೆದುಕೊಂಡು, ಮುಖಕ್ಕೆ ಮಾತ್ರ ಕ್ಷೌರದ ಕನ್ನಡಿಯನ್ನು ಕಿಟಕಿಗೆ ನೇತುಹಾಕಿ, ಅದರೊಳಗೆ ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ.